ಡಯಟ್ ಮಾಡಿದರೂ ತೂಕ ಇಳೀತಿಲ್ವಾ? ಮೊದಲು ಎಣ್ಣೆ ಕ್ಯಾನಿನ ಮೇಲೆ ತಾರೀಖು ಬರೆಯಿರಿ

ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಆರಕ್ಕೆ ನಡೆಯಲು ಬರುವವರಲ್ಲಿ ಒಂದು ಗುಂಪಿದೆ. ಒಂದು ದಿನವೂ ತಪ್ಪಿಸುವುದಿಲ್ಲ. ಅವರ ಹೊಟ್ಟೆಯೂ ಒಂದು ದಿನ ತಪ್ಪಿಸದೆ ಜೊತೆಗೇ ಬರುತ್ತದೆ. ನಾನೂ ಆ ಗುಂಪಿನವನೇ. ಮೂರು ತಿಂಗಳು ದಿನಾ ಒಂದು ಗಂಟೆ ನಡೆದೆ, ರಾತ್ರಿ ಅನ್ನ ಬಿಟ್ಟೆ. ತೂಕ 78ರಲ್ಲಿ ಗೂಟ ಹೊಡೆದುಕೊಂಡು ಕೂತಿತ್ತು. ತೀರ್ಥಹಳ್ಳಿಯಿಂದ ಬಂದ ಅಮ್ಮ ಮಾತ್ರ ನನ್ನನ್ನು ನೋಡಿ, "ಎಂತದೋ ಇದು, ಹಿಂಗೆ ಸೊರಗಿ ಹೋಗಿದೀಯ" ಅಂದರು. ಮರುದಿನ ರೊಟ್ಟಿಯ ಮೇಲೆ ಬೆಣ್ಣೆ ಎರಡು ಪಟ್ಟಾಯಿತು.

ನಮ್ಮಂಥವರು ಮಾಡುವ ತಪ್ಪು ಒಂದೇ. ತೂಕ ಇಳಿಯದಿದ್ದರೆ ಇನ್ನೂ ಅರ್ಧ ಗಂಟೆ ಜಾಸ್ತಿ ನಡೆಯುತ್ತೇವೆ. ಅಡುಗೆ ಮನೆಯಲ್ಲಿ ಅಳತೆ ಮಾಡುವುದಿಲ್ಲ.

ಎಣ್ಣೆಯಿಂದ ಶುರು ಮಾಡಿ

ಹೊಸ ಎಣ್ಣೆ ಕ್ಯಾನು ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಖಾಲಿಯಾದ ದಿನ ಲೆಕ್ಕ ಹಾಕಿ. ನಮ್ಮ ಮನೆಯಲ್ಲಿ ನಾಲ್ಕು ಜನ. ಐದು ಲೀಟರಿನ ಕ್ಯಾನು 30 ದಿನಕ್ಕೆ ಮುಗಿಯಿತು. ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 42 ಮಿಲಿಲೀಟರ್. ಅಷ್ಟು ಎಣ್ಣೆ ತೂಗುವುದು ಸುಮಾರು 38 ಗ್ರಾಂ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಹಾಗಾಗಿ ಎಣ್ಣೆಯಿಂದಲೇ ದಿನಕ್ಕೆ 340 ಕ್ಯಾಲೊರಿ ಹೊಟ್ಟೆಗೆ ಹೋಗುತ್ತಿತ್ತು. ನನ್ನಷ್ಟು ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 250ರಿಂದ 300. ಬೆಳಿಗ್ಗೆ ಕ್ರೀಡಾಂಗಣದಲ್ಲಿ ಸುರಿಸಿದ ಬೆವರು ಮಧ್ಯಾಹ್ನದೊಳಗೆ ಒಗ್ಗರಣೆಯಲ್ಲಿ ವಾಪಸ್ ಬರುತ್ತಿತ್ತು.

ಎಣ್ಣೆ ಬಿಡಿ ಅಂತ ಹೇಳುತ್ತಿಲ್ಲ. ಕ್ಯಾನಿನಿಂದ ಬಾಣಲೆಗೆ ನೇರ ಬಗ್ಗಿಸಬೇಡಿ, ಚಮಚದಲ್ಲಿ ಅಳೆದು ಹಾಕಿ. ಒಂದು ಟೀ ಚಮಚಕ್ಕೆ 40ರಿಂದ 45 ಕ್ಯಾಲೊರಿ. ಚಮಚ ಕೈಗೆ ಬಂದ ಮೇಲೆ ನಮ್ಮ ಕ್ಯಾನು ಒಂದೂವರೆ ತಿಂಗಳು ಬಂತು. ರುಚಿ ಕಡಿಮೆಯಾಯಿತು ಅಂತ ಮನೆಯಲ್ಲಿ ಯಾರೂ ಹೇಳಲಿಲ್ಲ.

ಇನ್ನು ತೆಂಗಿನಕಾಯಿ. ಮಲೆನಾಡಿನವರಿಗೆ ಇದು ಸೂಕ್ಷ್ಮ ವಿಷಯ, ಮೆಲ್ಲಗೆ ಹೇಳುತ್ತೇನೆ. ನೂರು ಗ್ರಾಂ ಹಸಿ ಕಾಯಿತುರಿಯಲ್ಲಿ 350ಕ್ಕೂ ಜಾಸ್ತಿ ಕ್ಯಾಲೊರಿ ಇದೆ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಹುಳಿ, ಪಲ್ಯದ ಮೇಲೆ ಒಂದು ಹಿಡಿ, ಕೊನೆಗೆ ತಂಬುಳಿ. ಒಂದು ಕಡಿ, ಅಂದರೆ ಅರ್ಧ ಕಾಯಿ, ತುರಿದು ತೂಗಿ ನೋಡಿ. ನಮ್ಮನೆಯಲ್ಲಿ 130 ಗ್ರಾಂ ಬಂತು. ತಂಬುಳಿಗೆ ಕಾಯಿ ಅರ್ಧ ಮಾಡಿ ಮಜ್ಜಿಗೆ ಜಾಸ್ತಿ ಮಾಡಬಹುದು. ಒಂದೆಲಗವೇ ಅದಕ್ಕೆ ರುಚಿ ಕೊಡುತ್ತದೆ. ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿಗಂತೂ ತೆಂಗಿನಕಾಯಿಯೇ ಬೇಡ. ಊಟಕ್ಕೆ ಮುಂಚೆ ಅದನ್ನು ಒಂದು ಲೋಟ ಕುಡಿದರೆ ಅನ್ನ ತಾನಾಗಿ ಕಡಿಮೆಯಾಗುತ್ತದೆ. ಕುಡಿದರೆ ನಿದ್ದೆ ಬರುತ್ತದೆ ಅನ್ನುವ ಮಾತೂ ಇದೆ, ಹಾಗಾಗಿ ಆಫೀಸಿಗೆ ಹೋಗುವವರು ನೋಡಿಕೊಂಡು ಕುಡಿಯಿರಿ.

ಎರಡು ವಾರ ಎಲ್ಲವನ್ನೂ ಬರೆಯಿರಿ

ಒಂದು ಸಣ್ಣ ನೋಟ್‌ಬುಕ್ ಇಡಿ. ಬಾಯಿಗೆ ಹೋದದ್ದೆಲ್ಲ ಅದರಲ್ಲಿ ಬರಲಿ. ರಾತ್ರಿ ನೆನಪಿಸಿಕೊಂಡು ಬರೆದರೆ ಅರ್ಧ ಬಿಟ್ಟುಹೋಗುತ್ತದೆ, ಆಗಿಂದಾಗಲೇ ಬರೆಯಬೇಕು. ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಸುಮ್ನೆ ಬರೆಯಿರಿ.

ನನ್ನ ಪುಸ್ತಕದಲ್ಲಿ ಸಿಕ್ಕಿದ್ದು ಕೇಳಿ. ದಿನಕ್ಕೆ ನಾಲ್ಕು ಕಾಫಿ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ. ಅಲ್ಲಿಗೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ಹಾಲಿನ ಲೆಕ್ಕ ಬೇರೆ. ಸಕ್ಕರೆ ಬದಲು ಜೋನಿಬೆಲ್ಲ ಹಾಕಿದರೆ ಒಳ್ಳೇದು ಅನ್ನುವವರಿದ್ದಾರೆ. ರುಚಿಗೆ ಒಳ್ಳೇದು, ನಿಜ. ಆದರೆ ತೂಕದ ಮಟ್ಟಿಗೆ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ರಾತ್ರಿ ಅನ್ನ ಬಿಟ್ಟ ನಾನು ತಿನ್ನುತ್ತಿದ್ದದ್ದು ಮೂರು ಅಕ್ಕಿ ರೊಟ್ಟಿ. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರೆ 210 ಕ್ಯಾಲೊರಿ. ರೊಟ್ಟಿ, ಕಡುಬು, ನೀರುದೋಸೆ ಎಲ್ಲ ವೇಷ ಬೇರೆ ಅಷ್ಟೇ, ಒಳಗಿರುವುದು ಅದೇ ಅಕ್ಕಿ. ಹಿಟ್ಟು ಬೇಯಿಸಿ ಲಟ್ಟಿಸುವ ನಮ್ಮ ರೊಟ್ಟಿಗೆ ಎಣ್ಣೆ ಬೇಕಿಲ್ಲ, ಅದೊಂದು ಪುಣ್ಯ. ಒಪ್ಪತ್ತಿನ ಕತೆಯೂ ಹೀಗೇ. ರಾತ್ರಿ ಊಟ ಇಲ್ಲ ಅಂತ ಅವಲಕ್ಕಿಗೆ ಕಾಯಿ ಬೆಲ್ಲ ಕಲಸಿ ದೊಡ್ಡ ಬಟ್ಟಲು ತಿಂದರೆ ಅದೇ ಒಂದು ಊಟ.

ಎರಡನೇ ವಾರ ಪುಸ್ತಕ ನೋಡಿ ದಿನಕ್ಕೆ 300 ಕ್ಯಾಲೊರಿ ಎಲ್ಲಿ ಕಡಿಮೆ ಮಾಡಬಹುದು ಅಂತ ಹುಡುಕಿ. ಹಸಿದುಕೊಂಡು ಕೂರಬೇಡಿ. ಅನ್ನ ಕಡಿಮೆ ಮಾಡಿದ ಜಾಗಕ್ಕೆ ಹುರುಳಿ, ಮೊಳಕೆ ಹೆಸರುಕಾಳು, ಮೊಟ್ಟೆ, ಮೀನು ಬರಲಿ. ಒಣ ಹುರುಳಿಯ ನೂರು ಗ್ರಾಂನಲ್ಲಿ 20 ಗ್ರಾಂಗೂ ಜಾಸ್ತಿ ಪ್ರೋಟೀನ್ ಇದೆ. ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ತೂಕ ಇಳಿಯುವಾಗ ಮಾಂಸಖಂಡ ಕರಗದಿರಲೂ ಅದು ಬೇಕು. ಬರೀ ಕಟ್ಟು ಸಾರು ಕುಡಿದರೆ ಸಾಲದು, ಕಾಳನ್ನೂ ತಿನ್ನಬೇಕು.

ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ದಿನಕ್ಕೆ 300ರಂತೆ ತಿಂಗಳಿಗೆ 9,000. ಅಂದರೆ ತಿಂಗಳಿಗೆ ಒಂದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಹದಿನೈದು ದಿನಕ್ಕೆ ಐದು ಕೆ.ಜಿ. ಇಳಿಸುವ ಜಾಹೀರಾತು ನೋಡಿದಾಗ ಈ ಲೆಕ್ಕ ನೆನಪಿರಲಿ. ನಡುವೆ ಉಪನಯನ, ಗೃಹಪ್ರವೇಶದ ಊಟ ಎರಡು ಬಂದರೆ ವಾರದ ಉಳಿತಾಯ ಹೋಳಿಗೆ ತುಪ್ಪಕ್ಕೆ ಸರಿಹೋಗುತ್ತದೆ. ಊಟಕ್ಕೆ ಹೋಗಿ, ಹೋಳಿಗೆ ಒಂದಕ್ಕೆ ನಿಲ್ಲಿಸಿ.

ತಕ್ಕಡಿ ಸುಳ್ಳು ಹೇಳುವ ದಿನಗಳು

ದಿನದಿಂದ ದಿನಕ್ಕೆ ಒಂದೆರಡು ಕೆ.ಜಿ. ಹೆಚ್ಚು ಕಡಿಮೆ ಆಗುವುದು ಸಹಜ. ಅದು ನೀರು, ಕೊಬ್ಬಲ್ಲ. ರಾತ್ರಿ ಗಂಜಿಗೆ ಎರಡು ಅಪ್ಪೆಮಿಡಿ ಉಪ್ಪಿನಕಾಯಿ ಜಾಸ್ತಿ ಕಚ್ಚಿದರೆ ಆ ಉಪ್ಪು ನೀರು ಹಿಡಿದಿಟ್ಟು ಬೆಳಿಗ್ಗೆ ಮುಳ್ಳು ಮೇಲೇರುತ್ತದೆ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗಾಗುತ್ತದೆ. ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಗಿ. ವಾರದ ಸರಾಸರಿ ಮಾತ್ರ ನೋಡಿ.

ಜೊತೆಗೆ ಟೇಪು ಹಿಡಿದು ಸೊಂಟದ ಸುತ್ತಳತೆ ಬರೆದಿಡಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ತೂಕ ನಿಂತಿದ್ದರೂ ಟೇಪು ಇಳಿಯುತ್ತಿದ್ದರೆ ಕೆಲಸ ನಡೀತಿದೆ ಅಂತಲೇ ಅರ್ಥ.

ಮಳೆಗಾಲಕ್ಕೆ ಬೇರೆ ಯೋಜನೆ

ನಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ನಡಿಗೆಯನ್ನು ನಂಬಿಕೊಳ್ಳುವ ಹಾಗಿಲ್ಲ. ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ ಡಬ್ಬದಿಂದ ಹೊರಗೆ ಬರುವುದೂ ಆಗಲೇ. ಹಪ್ಪಳವನ್ನು ಕೆಂಡದ ಮೇಲೆ ಸುಟ್ಟು ತಿನ್ನಿ. ಜಗಲಿಯಲ್ಲೇ ಮಾಡುವ ವ್ಯಾಯಾಮ ಕಲಿತುಕೊಳ್ಳಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಗೋಡೆಗೆ ಕೈಕೊಟ್ಟು ತಳ್ಳುವುದು 10 ಸಲ, ಮೆಟ್ಟಿಲು ಹತ್ತಿ ಇಳಿಯುವುದು ಐದು ನಿಮಿಷ. ಮೂರು ಸುತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಅದರ ಜೊತೆ ಎರಡು ದಿನವಾದರೂ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮ. ನಾವು ಎರಡನೆಯದನ್ನು ಮರೆತೇಬಿಡುತ್ತೇವೆ.

ಉಳಿದ 23 ಗಂಟೆ ಕೂತೇ ಇದ್ದರೆ ಒಂದು ಗಂಟೆಯ ನಡಿಗೆ ಎಷ್ಟು ಅಂತ ಮಾಡೀತು? ಹಿಂದೆ ಅಡಿಕೆ ಸುಗ್ಗಿ ಮುಗಿಯುವ ಹೊತ್ತಿಗೆ ಮನೆಯವರೆಲ್ಲ ಇಳಿದುಹೋಗುತ್ತಿದ್ದರು. ಈಗ ಸುಲಿಯಲು ಯಂತ್ರ ಬಂದಿದೆ, ತೋಟಕ್ಕೆ ಬೈಕಿನಲ್ಲಿ ಹೋಗುತ್ತೇವೆ. ಊಟ ಮಾತ್ರ ಹಳೇ ಸುಗ್ಗಿಯದೇ.

ಇಳಿದು ಮತ್ತೆ ನಿಂತರೆ

ಐದು ತಿಂಗಳಲ್ಲಿ ನಾನು 78ರಿಂದ 74ಕ್ಕೆ ಬಂದೆ. ಆಮೇಲೆ ಆರು ವಾರ ಅಲುಗಲಿಲ್ಲ. ದೇಹ ಹಗುರಾದ ಮೇಲೆ ಅದಕ್ಕೆ ಬೇಕಾಗುವುದೂ ಕಡಿಮೆ. ಮೊದಲು ತೂಕ ಇಳಿಸಿದ ಊಟವೇ ಈಗ ತೂಕ ಕಾಯುವ ಊಟವಾಗಿತ್ತು. ಜೊತೆಗೆ ಧೈರ್ಯ ಬಂದು ಚಮಚ ಬಿಟ್ಟು ಮತ್ತೆ ಕ್ಯಾನು ಬಗ್ಗಿಸತೊಡಗಿದ್ದೆ. ನೋಟ್‌ಬುಕ್ ಮತ್ತೆ ತೆರೆದೆ.

ಲೆಕ್ಕ ಪ್ರಾಮಾಣಿಕವಾಗಿದ್ದು, ಎರಡು ಮೂರು ತಿಂಗಳಾದರೂ ತೂಕವೂ ಟೇಪೂ ಅಲುಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಸುಸ್ತು, ಚಳಿ ತಡೆಯಲಾಗದಿರುವುದು, ಮಲಬದ್ಧತೆ, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಬೇಕಾಗಬಹುದು. ಆದರೆ ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆ.ಜಿ., ಇಪ್ಪತ್ತು ಕೆ.ಜಿ.ಯನ್ನು ಅದರ ಮೇಲೆ ಹೊರಿಸಲು ಆಗುವುದಿಲ್ಲ. ಮುಟ್ಟು ಏರುಪೇರಾಗಿ ಮುಖದ ಮೇಲೆ ಕೂದಲು ಬರುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ಅದನ್ನೂ ಹೇಳಿ. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳೂ ತೂಕ ಏರಿಸುತ್ತವೆ. ಅವನ್ನು ನೀವೇ ನಿಲ್ಲಿಸಬೇಡಿ. ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಆ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. "ಏನೂ ತಿನ್ನಲ್ಲ ಡಾಕ್ಟ್ರೇ" ಅನ್ನುವ ಮಾತನ್ನು ಅವರು ದಿನಾ ಕೇಳುತ್ತಾರೆ, ಬರೆದಿಟ್ಟ ಪುಸ್ತಕ ತರುವವರು ಅಪರೂಪ.