ಶಾಲೆಯ ಸಂಗೀತ ಪಾಠ: ಮಕ್ಕಳ ಶ್ರುತಿಯಿಂದ ಆರಂಭಿಸುವ ಬಗೆ

ಗುರುವಿನ ಎದುರು ಒಬ್ಬರೇ ಕುಳಿತು ಕಲಿತವರು ನಲವತ್ತು ಮಕ್ಕಳ ತರಗತಿಗೆ ಕಾಲಿಟ್ಟಾಗ ಎದುರಾಗುವ ಮೊದಲ ತೊಡಕು ಶ್ರುತಿಯದು. ಐದು ಅಥವಾ ಐದೂವರೆ ಮನೆ (ಹಾರ್ಮೋನಿಯಂನ ಮನೆಗಳ ಎಣಿಕೆ) ಶ್ರುತಿಯಲ್ಲಿ ಹಾಡಿ ರೂಢಿಯಾದ ಶಿಕ್ಷಕಿಯೊಬ್ಬರು ಅದನ್ನೇ ತರಗತಿಗೂ ಇಟ್ಟರೆ, ಆರೇಳು ವರ್ಷದ ಮಕ್ಕಳಿಗೆ ಆಧಾರ ಷಡ್ಜವೇ (ಸ) ಎಟುಕದಷ್ಟು ತಗ್ಗಾಗುತ್ತದೆ. ಅವರು ಹಾಡಲಾಗದೆ ಗೊಣಗುತ್ತಾರೆ, ನಾವು ಅದಕ್ಕೆ ಅಪಶ್ರುತಿ ಎಂದು ಹೆಸರಿಡುತ್ತೇವೆ. ಈ ವಯಸ್ಸಿನವರಿಗೆ ಸಲೀಸಾಗಿ ಒದಗುವುದು ಹೆಚ್ಚುಕಡಿಮೆ ಅದಕ್ಕಿಂತ ಮೇಲಿನ ಎರಡು ಮನೆಯ ಷಡ್ಜದಿಂದ ಅದರ ಪಂಚಮದವರೆಗಿನ (ಪ) ಐದು ಸ್ವರಗಳು ಮಾತ್ರ. ಹತ್ತು ವರ್ಷದ ಹೊತ್ತಿಗೆ ಈ ವ್ಯಾಪ್ತಿ ಸುಮಾರು ಒಂದು ಸ್ಥಾಯಿಯಷ್ಟಕ್ಕೆ, ಅಂದರೆ ಒಂದು ಸ ಯಿಂದ ಮೇಲಿನ ಸ ವರೆಗೆ, ಹಿಗ್ಗುತ್ತದೆ. ಪುರುಷ ಶಿಕ್ಷಕರ ಕಂಠ ಒಂದು ಸ್ಥಾಯಿ ಕೆಳಗಿರುವುದರಿಂದ, ಚಿಕ್ಕ ಮಕ್ಕಳು ಆ ತಗ್ಗಿನ ಸ್ವರವನ್ನೇ ಅರಸಿ ಸೋಲುವುದುಂಟು. ಸರಿಯಾಗಿ ಹಾಡುವ ಮಗುವೊಂದರಿಂದ ಸಾಲನ್ನು ಹೇಳಿಸಿದರೆ ಉಳಿದವರಿಗೆ ದಾರಿ ಸಿಗುತ್ತದೆ.

ಇಷ್ಟಾದರೂ ಶ್ರುತಿ ಸೇರದ ಒಂದಿಬ್ಬರು ಉಳಿಯುತ್ತಾರೆ. ‘ನೀನು ಸುಮ್ಮನೆ ಬಾಯಿ ಆಡಿಸು’ ಎಂಬ ಮಾತು ಇವರಿಗೆ ಮಾಡುವಷ್ಟು ಹಾನಿಯನ್ನು ಬೇರಾವುದೂ ಮಾಡದು. ಅಂಥ ಮಗುವಿಗೆ ತನಗೆ ಹಿತವೆನಿಸಿದ ಯಾವುದಾದರೂ ಒಂದು ಸ್ವರವನ್ನು ಎಳೆದು ಹಿಡಿಯಲು ಹೇಳಿ, ಶಿಕ್ಷಕರೇ ಆ ಸ್ವರಕ್ಕೆ ಬಂದು ಸೇರಬೇಕು. ಎರಡು ದನಿಗಳು ಒಂದಾದಾಗ ಕಿವಿಗೆ ಹೇಗೆ ಕೇಳುತ್ತದೆಂಬುದು ಅನೇಕ ಮಕ್ಕಳಿಗೆ ತಿಳಿಯುವುದು ಆಗಲೇ. ಅಲ್ಲಿಂದ ಒಂದೊಂದೇ ಸ್ವರ ಮೇಲಕ್ಕೆ ಕರೆದೊಯ್ಯಬಹುದು. ಇದಕ್ಕೆ ಒಂದು ನಿಮಿಷ ಸಾಕು. ಆದರೆ ಎಲ್ಲರೆದುರು ಪರೀಕ್ಷೆಯಂತೆ ಮಾಡದೆ, ಹೆಸರು ಹಾಡಿ ಕರೆಯುವ, ಮಗು ಹಾಡಿಯೇ ಉತ್ತರಿಸುವ ಆಟದೊಳಗೆ ಸೇರಿಸುವುದು ಲೇಸು.

ಹಾಡು ಕಲಿಸುವಾಗ ಮೊದಲು ಇಡೀ ಹಾಡನ್ನು ಒಮ್ಮೆ ಕೇಳಿಸಿ, ಆದರೆ ಕೇಳುವ ಕಿವಿಗೊಂದು ಕೆಲಸ ಕೊಡಿ: ಯಾವ ಸಾಲು ಎರಡು ಬಾರಿ ಬಂತು, ದನಿ ಎಲ್ಲಿ ಅತಿ ಎತ್ತರಕ್ಕೆ ಹೋಯಿತು. ಅನಂತರ ಸಾಲುಸಾಲಾಗಿ ಹೇಳಿಕೊಡುವಾಗ ಮಕ್ಕಳೊಡನೆ ನೀವೂ ಹಾಡಬೇಡಿ. ಹಾಡಿದರೆ ನಿಮಗೆ ಅವರ ತಪ್ಪು ಕೇಳಿಸುವುದಿಲ್ಲ, ಅವರು ನಿಮ್ಮ ಆಸರೆ ಬಿಡುವುದಿಲ್ಲ. ಸಾಲು ಕೂತ ಮೇಲೆ, ನೀವು ಕೈ ಮುಚ್ಚಿದಾಗ ಮಕ್ಕಳು ಮನಸ್ಸಿನಲ್ಲೇ ಹಾಡಿಕೊಂಡು, ತೆರೆದಾಗ ಸರಿಯಾದ ಅಕ್ಷರದಲ್ಲಿ ಎತ್ತಿಕೊಳ್ಳುವ ಆಟ ಆಡಿಸಿ. ಲಯವೂ ಶ್ರುತಿಯೂ ಒಟ್ಟಿಗೆ ಪಕ್ವವಾಗಲು ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಸ್ವರಲಿಪಿಯನ್ನು ಕಿವಿ ಪಳಗಿದ ಮೇಲಷ್ಟೇ ತರಬೇಕು. ನಡುವಿನ ಸೇತುವೆಯಾಗಿ ಕೈಸನ್ನೆಗಳನ್ನು ಬಳಸಬಹುದು: 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಕರ್ವೆನ್ ಪ್ರತಿ ಸ್ವರಕ್ಕೊಂದು ಸನ್ನೆಯನ್ನು ಗೊತ್ತುಪಡಿಸಿದರು, ಮುಂದೆ ಹಂಗೇರಿಯ ಜೋಲ್ತಾನ್ ಕೊಡಾಯ್ (1882–1967) ಅವರ ಸಂಗೀತ ಬೋಧನಾ ಪದ್ಧತಿಯಲ್ಲಿ ಅವು ಮುಖ್ಯವಾದವು. ಸ್ವರ ಏರಿದಂತೆ ಕೈಯೂ ಏರುವುದರಿಂದ ಎತ್ತರ ಕಣ್ಣಿಗೆ ಕಾಣುತ್ತದೆ, ಸರಿಗಮಕ್ಕೂ ಇದು ಹೊಂದುತ್ತದೆ. ತಾಳವನ್ನು ನಡಿಗೆಯಿಂದ ಆರಂಭಿಸಿ. ಕೈ ತಟ್ಟುವುದು ಆಮೇಲೆ.

ಹನ್ನೆರಡು-ಹದಿಮೂರರ ಆಸುಪಾಸಿನಲ್ಲಿ ಹುಡುಗರ ದನಿ ಒಡೆದು ಸುಮಾರು ಒಂದು ಸ್ಥಾಯಿ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಅವರನ್ನು ಕೂರಿಸಿಬಿಡದೆ, ಮೂರ್ನಾಲ್ಕು ಸ್ವರಗಳ ಪುಟ್ಟ ಸಾಲನ್ನೋ ಷಡ್ಜ-ಪಂಚಮಗಳ ಆಧಾರವನ್ನೋ ವಹಿಸಿಕೊಡಬಹುದು.

ಮೌಲ್ಯಮಾಪನಕ್ಕೆ ಪ್ರತ್ಯೇಕ ದಿನ ಬೇಡ. ಪ್ರತಿ ತರಗತಿಯಲ್ಲಿ ಐವರನ್ನು ಮಾತ್ರ ಗಮನವಿಟ್ಟು ಕೇಳಿ, ಶ್ರುತಿ, ಲಯ, ಸಾಲಿನ ನೆನಪು ಹೇಗಿದೆಯೆಂದು ಒಂದೊಂದು ಗುರುತು ಹಾಕಿಕೊಂಡರೆ, ನಲವತ್ತು ಮಕ್ಕಳ ಲೆಕ್ಕ ಎಂಟು ತರಗತಿಗಳಲ್ಲಿ ಮುಗಿಯುತ್ತದೆ.

ನಿಮ್ಮ ಕಂಠವೂ ಕಿವಿಯೂ ದಿನಕ್ಕೆ ಆರು ಪಾಠಗಳನ್ನು ತಾಳಿಕೊಳ್ಳಬೇಕೆಂಬುದನ್ನು ಮರೆಯಬೇಡಿ. ಗದ್ದಲವನ್ನು ಕೂಗಿನಿಂದ ಅಡಗಿಸುವ ಬದಲು, ತಟ್ಟಿದ ಲಯವನ್ನು ಮಕ್ಕಳು ಮರಳಿ ತಟ್ಟಿ ಮೌನವಾಗುವಂತೆ ಅಭ್ಯಾಸ ಮಾಡಿಸಿ. ವಾದ್ಯಗಳ ತರಗತಿಗಳನ್ನು ಒಂದರ ಹಿಂದೊಂದು ಇಡದಂತೆ ವೇಳಾಪಟ್ಟಿ ಮಾಡುವವರನ್ನು ಕೇಳಿಕೊಳ್ಳಿ: ಕೆಲಸದ ಸ್ಥಳದಲ್ಲಿ ಸಾಮಾನ್ಯವಾಗಿ ಒಪ್ಪುವ ಶಬ್ದದ ಮಿತಿ ದಿನಕ್ಕೆ 8 ಗಂಟೆ 85 ಡೆಸಿಬೆಲ್, ಬಹಳಷ್ಟು ಮಾರ್ಗಸೂಚಿಗಳ ಪ್ರಕಾರ ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ.

ಇನ್ನು ಸಮಾರಂಭಗಳು. ವರ್ಷದ ಆರಂಭದಲ್ಲೇ ದಿನಾಂಕಗಳನ್ನು ಮುಖ್ಯೋಪಾಧ್ಯಾಯರಿಂದ ಬರಹದಲ್ಲಿ ಪಡೆದುಕೊಳ್ಳಿ. ವೇದಿಕೆಗೆಂದು ಹೊಸ ಹಾಡನ್ನು ಹುಡುಕದೆ, ತರಗತಿಯಲ್ಲಿ ಎಲ್ಲರೂ ಆಗಲೇ ಹಾಡುತ್ತಿರುವುದರಲ್ಲಿ ಒಂದನ್ನು ಆರಿಸಿ, ಅದನ್ನು ಮಕ್ಕಳ ಶ್ರುತಿಯಲ್ಲೇ ಹಾಡಿಸಿ.