ಆ ಮಾತು ನನ್ನೆದುರೇ ಬರಲಿ

ಪುಣೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಪ್ರೌಢ ತರಗತಿಗಳಿಗೆ ಇತಿಹಾಸ, ಪೌರನೀತಿ ಕಲಿಸುತ್ತೇನೆ. ದ್ವೇಷದ ಮಾತನ್ನು ಮಕ್ಕಳು ತರಗತಿಯಲ್ಲಿ ಆಡಲು ಬಿಡಬೇಕು ಎಂದರೆ ಸಹೋದ್ಯೋಗಿಗಳು ಗಾಬರಿಯಾಗುತ್ತಾರೆ. ಆದರೆ ನನ್ನೆದುರು ಆಡದ ಮಾತನ್ನು ಹುಡುಗ ಮೊಬೈಲಿನಲ್ಲಿ ಬೇರೊಬ್ಬನೊಡನೆ ಆಡುತ್ತಾನೆ. ಆ ಬೇರೊಬ್ಬ ಯಾರೆಂಬುದು ನನಗೂ ತಿಳಿಯುವುದಿಲ್ಲ, ಹೆತ್ತವಳಿಗೂ ತಿಳಿಯುವುದಿಲ್ಲ.

2022ರ ಡಿಸೆಂಬರಿನಲ್ಲಿ ಗಡಿ ವಿವಾದ ಕಾವೇರಿತು. ಬೆಳಗಾವಿ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಎರಡೂ ಕಡೆಯ ವಿಡಿಯೊಗಳು ಮನೆಯ ಒಂದೇ ಮೊಬೈಲಿಗೆ ಬಂದು ಬೀಳುತ್ತಿದ್ದವು. "ನಾವೂ ನಾಲ್ಕು ಕಲ್ಲು ಎಸೆಯಬೇಕು ಟೀಚರ್" ಎಂದು ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ. ನಾನು ಗದರಲಿಲ್ಲ. ಹಲಗೆಯ ಮೇಲೆ ಮೂರು ಪ್ರಶ್ನೆ ಬರೆದೆ: ಈ ವಿಡಿಯೊ ತೆಗೆದವರು ಯಾರು? ಇದರ ಹಿಂದೆ ಮುಂದೆ ಏನು ನಡೆಯಿತು? ನಿನಗೆ ಕಳಿಸಿದವನಿಗೆ ನಿನ್ನಿಂದ ಏನು ಬೇಕು? ಮೂರನೆಯದಕ್ಕೆ ತರಗತಿ ಸುಮ್ಮನಾಯಿತು. ಆಮೇಲೆ, ಕೊಲ್ಹಾಪುರದ ದಾರಿಯಲ್ಲಿ ಲಾರಿ ಓಡಿಸುವವರ ಮಗಳು ಎದ್ದು, "ನಂಬರ್ ಪ್ಲೇಟ್ ಯಾವ ರಾಜ್ಯದ್ದಾದರೂ ಒಳಗಿರುವುದು ನಮ್ಮಪ್ಪ" ಎಂದಳು. ನನ್ನ ಇಡೀ ಪಾಠಕ್ಕಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು.

ಅದೇ ವಾರ ರೈನ್‌ಪಾಡಾದ ಘಟನೆಯನ್ನೂ ಹೇಳಿದೆ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ಆ ಹಳ್ಳಿಯಲ್ಲಿ ಮಕ್ಕಳ ಕಳ್ಳರೆಂಬ ಗಾಳಿಮಾತು ನಂಬಿ ಜನ ಐವರು ಭಿಕ್ಷುಕರನ್ನು ಹೊಡೆದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಮಂಗಳವೇಢೆಯ ಕಡೆಯವರು. ಬಸವಣ್ಣ ಕರಣಿಕನಾಗಿದ್ದ ಊರೆಂದು ಆ ಹೆಸರು ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಇಡೀ ತರಗತಿಯೊಡನೆ ಮಾತಾಡುವುದು ಸುಲಭ. ಒಂಟಿಯಾಗಿ ಜಾರುತ್ತಿರುವ ಮಗುವನ್ನು ಹಿಡಿಯುವುದು ಕಷ್ಟ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಹಳೆಯ ಗೆಳೆಯನ ಡಬ್ಬಿಯಿಂದ ತಿನ್ನುವುದನ್ನು ಬಿಟ್ಟ. ಅವನ ಮಾತಿನಲ್ಲಿ "ಅವರು", "ಅವರಂಥವರು" ಹೆಚ್ಚಾದವು. ಹುಡುಗ ಯಾವ ಧರ್ಮದವನು ಎಂದು ಕೇಳಿದವರಿಗೆಲ್ಲ ನಾನು ಉತ್ತರ ಕೊಟ್ಟಿಲ್ಲ, ಇಲ್ಲಿಯೂ ಕೊಡುವುದಿಲ್ಲ. ಮೊದಲು ಅವನ ಮೊಬೈಲ್ ಆಟದ ಬಗ್ಗೆ ಕೇಳಿದೆ. ಆಟದಲ್ಲಿ ಪರಿಚಯವಾದ ಒಬ್ಬ "ಅಣ್ಣ" ದಿನವೂ ಸಂದೇಶ ಕಳಿಸುತ್ತಿದ್ದ, ಊಟವಾಯಿತೇ ಎಂದು ವಿಚಾರಿಸುತ್ತಿದ್ದ, ಆಮೇಲೆ ವಿಡಿಯೊ ಕಳಿಸುತ್ತಿದ್ದ. ಊಟದ ಆ ವಿಚಾರಣೆಯೇ ಗಾಳ. ಅಪ್ಪ ಅಮ್ಮ ಇಬ್ಬರೂ ಕತ್ತಲಾದ ಮೇಲೆ ಮನೆಗೆ ಬರುವವರು.

ಮೊಬೈಲ್ ಕಿತ್ತುಕೊಳ್ಳಬೇಡಿ ಎಂದು ಅವರಿಗೆ ಹೇಳಿದೆ. ಕಿತ್ತುಕೊಂಡರೆ ಬೇರೆಯವರ ಮೊಬೈಲಿನಿಂದ ಅದೇ ನಡೆಯುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಪೊಲೀಸ್ ಎಂಬ ಹೆಸರಿಗೇ ಅಪ್ಪನ ಕೈ ನಡುಗಿತು. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ದೊಡ್ಡವರಿಗೆ 2015ರ ಬಾಲನ್ಯಾಯ ಕಾಯ್ದೆಯ 83ನೇ ಕಲಂ ಏಳು ವರ್ಷದವರೆಗೆ ಶಿಕ್ಷೆ ಇಟ್ಟಿದೆ ಎಂದು ತಿಳಿಸಿದೆ. 2015ರ ಡಿಸೆಂಬರಿನಲ್ಲಿ ಪುಣೆಯ ಹದಿನಾರರ ಹುಡುಗಿಯೊಬ್ಬಳು ಅಂತರ್ಜಾಲದ ಮೂಲಕ ಐಸಿಸ್ ಕಡೆಗೆ ಸೆಳೆಯಲ್ಪಟ್ಟಾಗ, ಭಯೋತ್ಪಾದನಾ ನಿಗ್ರಹ ದಳ ಅವಳನ್ನು ಬಂಧಿಸದೆ ಆಪ್ತ ಸಮಾಲೋಚನೆಗೆ ಒಳಪಡಿಸಿದ್ದನ್ನೂ ಹೇಳಿದೆ. ಹುಡುಗನಿಗೆ ಸಂದೇಶ ಕಳಿಸುತ್ತಿದ್ದ ಆ "ಅಣ್ಣ"ನ ಖಾತೆಯ ವಿವರವನ್ನು ಮುಖ್ಯೋಪಾಧ್ಯಾಯರ ಮೂಲಕ ಸೈಬರ್ ಪೊಲೀಸರಿಗೆ ಒಪ್ಪಿಸಿದೆವು.

ಉಳಿದದ್ದು ನಿಧಾನದ ಕೆಲಸ. ದೈಹಿಕ ಶಿಕ್ಷಕರು ಅವನನ್ನು ಕಬಡ್ಡಿ ತಂಡಕ್ಕೆ ಸೇರಿಸಿ, ಡಬ್ಬಿಯ ಗೆಳೆಯನ ಪಕ್ಕದಲ್ಲೇ ಕೈ ಹಿಡಿದು ನಿಲ್ಲುವ ಜಾಗ ಕೊಟ್ಟರು. ಶಾಲೆ ಬಿಟ್ಟ ಮೇಲೆ ಅವನು ಒಬ್ಬನೇ ಮನೆಯಲ್ಲಿ ಕೂರುತ್ತಿದ್ದ ಹೊತ್ತು ಮೈದಾನದಲ್ಲಿ ಕಳೆಯತೊಡಗಿತು. ಶಿಕ್ಷಕರ ಕೊಠಡಿಯಲ್ಲಿ ಅವನ ಹೆಸರು ಎತ್ತಬಾರದೆಂದು ಮುಖ್ಯೋಪಾಧ್ಯಾಯರು ಕಟ್ಟುನಿಟ್ಟಾಗಿ ಹೇಳಿದ್ದರು. ಮುಂದಿನ ವರ್ಷ ಅವನು ಹತ್ತನೆಯ ಪರೀಕ್ಷೆಗೆ ಎಲ್ಲರಂತೆ ಕುಳಿತ.