‘ಬಿಡಿ’ ಅನ್ನೋಕೆ ಮುಂಚೆ ಕೇಳಬೇಕಾದ್ದು: ಆಶಾ ತರಬೇತಿಯ ನನ್ನ ಅನುಭವ

ಕುಡಿತದ ಬಗ್ಗೆ ನಾನು ಕೊಟ್ಟ ಮೊದಲ ತರಬೇತಿ ನೆನಪಾದರೆ ಇವತ್ತಿಗೂ ಮುಜುಗರ ಆಗುತ್ತದೆ. ಮಂಡ್ಯ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಇಪ್ಪತ್ತೈದು ಜನ ಆಶಾ ಕಾರ್ಯಕರ್ತೆಯರು, ಒಂದು ಪ್ರೊಜೆಕ್ಟರ್. ಹಾಳಾದ ಲಿವರ್ ಚಿತ್ರ ತೋರಿಸಿದೆ. ಕುಡಿತದಿಂದ ಮನೆ ಹೇಗೆ ಬೀದಿಗೆ ಬರುತ್ತದೆ ಎಂದು ಎರಡು ಗಂಟೆ ಮಾತಾಡಿದೆ. ಮದ್ದೂರಿನ ಕಡೆಯ ಹೆಣ್ಣುಮಕ್ಕಳಿಗೆ ಅದನ್ನು ನಾನು ಹೇಳಬೇಕಿತ್ತಾ? ಕೊನೆಗೆ, “ಮನೆ ಮನೆಗೆ ಹೋದಾಗ ಕುಡಿತ ಬಿಡಿ ಅಂತ ಹೇಳಿ” ಎಂದು ಮುಗಿಸಿದೆ. ಎಲ್ಲರೂ ಸಹಿ ಹಾಕಿ, ಬಿಸಿಬೇಳೆ ಬಾತ್ ತಿಂದು ಹೊರಟರು.

ಹೋದವರು ಹೇಳಿದರು ಕೂಡ. ಎಡವಟ್ಟು ಆಗಿದ್ದೇ ಅಲ್ಲಿ.

ನವೆಂಬರ್ ಕೊನೆಯಲ್ಲಿ ಅವರಲ್ಲೊಬ್ಬರು ಫೋನ್ ಮಾಡಿದರು. “ಸಾರ್, ನೀವು ಹೇಳ್ದಂಗೇ ಮಾಡ್ದೆ. ನಮ್ಮ ದೊಡ್ಡಪ್ಪನ ಮಗ, ಅಣ್ಣ ಆಗ್ಬೇಕು. ಹಿಂದೆ ಬಿದ್ದು ಮಾಲೆ ಹಾಕಿಸ್ದೆ. ಈಗ ಹಿಂಗಾಗೈತೆ.” ಭಾನುವಾರ ಅಯ್ಯಪ್ಪನ ಮಾಲೆ ಹಾಕಿದ್ದಾರೆ. ಹತ್ತು ವರ್ಷ ದಿನಾ ಎರಡು ಕ್ವಾರ್ಟರ್ ಕುಡಿಯುತ್ತಿದ್ದ ಮನುಷ್ಯ, ಅವತ್ತಿನಿಂದ ಒಂದು ತೊಟ್ಟೂ ಮುಟ್ಟಿಲ್ಲ. ಸೋಮವಾರ ಕೈ ನಡುಕ, ಬೆವರು, ರಾತ್ರಿಯೆಲ್ಲಾ ನಿದ್ದೆ ಇಲ್ಲ. ಮಂಗಳವಾರ ನಸುಕಿನಲ್ಲಿ ತಣ್ಣೀರು ಸ್ನಾನ ಮಾಡಿ ಪೂಜೆಗೆ ನಿಂತವರಿಗೆ ಫಿಟ್ಸ್ ಬಂದಿದೆ. ಮನೆಯವರು ಕೈಗೆ ಬೀಗದ ಕೈ ಕೊಟ್ಟಿದ್ದಾರೆ. ಮಡಿ ತಪ್ಪಿರಬೇಕು, ಸ್ವಾಮಿ ಮುನಿಸಿಕೊಂಡಿದ್ದಾನೆ ಎಂದು ಊರೆಲ್ಲಾ ಮಾತು. “ಇವಳೇ ಹಾಕಿಸಿದ್ದು” ಎಂದು ಅತ್ತಿಗೆ ಆಶಾ ಅಕ್ಕನ ಮೇಲೆ ಎಗರಾಡಿದ್ದಾರೆ. ಅವರ ಅಣ್ಣ ಉಳಿದರು, ಸದ್ಯ.

ಇದರಲ್ಲಿ ಸ್ವಾಮಿಯ ತಪ್ಪೂ ಇಲ್ಲ, ಆ ಅಕ್ಕನ ತಪ್ಪೂ ಇಲ್ಲ. ತಪ್ಪು ನನ್ನದು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರ ಮಿದುಳು ಮದ್ಯದ ತೂಕಕ್ಕೆ ಒಗ್ಗಿಹೋಗಿರುತ್ತದೆ. ಆ ತೂಕವನ್ನು ಒಮ್ಮೆಲೇ ತೆಗೆದರೆ ಅದು ಕೆರಳುತ್ತದೆ. ಮೊದಲ ಕೆಲವು ಗಂಟೆಗಳಲ್ಲೇ ನಡುಕ ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ. ಯಾರೋ ಕರೆದಂತೆ ಕೇಳುತ್ತದೆ, ಹಗಲು ರಾತ್ರಿ ಗೊತ್ತಾಗುವುದಿಲ್ಲ. ಊರಲ್ಲಿ ಅದಕ್ಕೆ ಗಾಳಿ ಸೋಕಿದೆ ಎನ್ನುತ್ತಾರೆ. ಅದು ಪ್ರಾಣಕ್ಕೇ ಬರಬಹುದಾದ ಸ್ಥಿತಿ, ಆಸ್ಪತ್ರೆಯ ಕೆಲಸ. ನನಗೆ ಇದೆಲ್ಲಾ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ವಾರ್ಡಿನಲ್ಲಿ ನೋಡಿದ್ದೆ. ಆದರೆ ಆಶಾ ಅಕ್ಕಂದಿರಿಗೆ ಇಷ್ಟು ಯಾಕೆ ಎಂದುಕೊಂಡು ಬಿಟ್ಟಿದ್ದೆ.

ಮುಂದಿನ ತರಬೇತಿಗೆ ಪ್ರೊಜೆಕ್ಟರ್ ಒಯ್ಯಲಿಲ್ಲ. ಒಂದು ಚೀಲದಲ್ಲಿ ಖಾಲಿ ಬಾಟಲಿಗಳನ್ನು ಒಯ್ದೆ. 90 ಎಂಎಲ್‌ನ ಟೆಟ್ರಾ ಪ್ಯಾಕೆಟ್, ಒಂದು ಕ್ವಾರ್ಟರ್, ಒಂದು ಸ್ಟ್ರಾಂಗ್ ಬಿಯರ್ ಬಾಟಲಿ. ಮೇಜಿನ ಮೇಲೆ ಸಾಲಾಗಿ ಇಟ್ಟ ಕೂಡಲೇ ಒಬ್ಬರನ್ನೊಬ್ಬರು ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. (ಚೀಲ ಹಿಡಿದು ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ನೋಡಿದ ನೋಟ ಬೇರೆ ಕತೆ.)

ಬಾಟಲಿ ಯಾಕೆ ಅಂದರೆ, ಲೆಕ್ಕ ತಪ್ಪುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಎಂಬ ಪಟ್ಟಿ ಇದೆ. ಅದರಲ್ಲಿ ಕುಡಿಯುವ ದಿನ ಎಷ್ಟು ಡ್ರಿಂಕ್ ಎಂದು ಕೇಳುತ್ತದೆ. ಒಂದು ಡ್ರಿಂಕ್ ಎಂದರೆ 10 ಗ್ರಾಂ ಆಲ್ಕೋಹಾಲ್, ಹೆಚ್ಚು ಕಡಿಮೆ 30 ಎಂಎಲ್ ವಿಸ್ಕಿ. ನಮ್ಮ ಊರಿನವರನ್ನು ಕೇಳಿದರೆ “ಒಂದೇ ಕಣವ್ವಾ” ಎನ್ನುತ್ತಾರೆ. ಆ ಒಂದು ಅಂದರೆ ಒಂದು ಕ್ವಾರ್ಟರ್. 180 ಎಂಎಲ್, ಅಂದರೆ ಆರು ಡ್ರಿಂಕ್. ತೊಂಬತ್ತರ ಪ್ಯಾಕೆಟ್ ಮೂರು, ದೊಡ್ಡ ಸ್ಟ್ರಾಂಗ್ ಬಿಯರ್ ನಾಲ್ಕರ ಹತ್ತಿರ. ‘ಬಿಯರ್ ಅಲ್ವಾ, ಏನೂ ಆಗಲ್ಲ’ ಎನ್ನುವ ಮಾತು ಅವತ್ತು ಆ ಮೇಜಿನ ಮೇಲೇ ಬಿದ್ದುಹೋಯಿತು. ಪ್ಯಾಕೆಟ್‌ನಲ್ಲಿ ಬರುತ್ತಿದ್ದ ಸಾರಾಯಿ 2007ರ ಜುಲೈ 1ರಿಂದ ಬಂದ್ ಆದರೂ ‘ಪ್ಯಾಕೆಟ್’ ಎಂಬ ಮಾತು ಊರಿನ ಬಾಯಲ್ಲಿ ಹಾಗೇ ಉಳಿದಿದೆ. ಹಾಗಾಗಿ ಯಾವ ಪ್ಯಾಕೆಟ್, ಎಷ್ಟು ಎಂಎಲ್ ಎಂದು ಬಿಡಿಸಿ ಕೇಳುವುದನ್ನೂ ಅಭ್ಯಾಸ ಮಾಡಿಸಿದೆ.

ಆಮೇಲೆ ನಾಟಕ. ಒಬ್ಬರು ಕುಡಿಯುವವರ ಪಾರ್ಟು, ಒಬ್ಬರು ಆಶಾ. ಕುಡಿಯುವವರ ಪಾರ್ಟಿಗೆ ಯಾರೂ ಹಿಂಜರಿಯಲಿಲ್ಲ. ಎಲ್ಲರಿಗೂ ಮನೆಯಲ್ಲಿ ನೋಡಿ ಗೊತ್ತು. ಸುಮಾರು ಐವತ್ತು ವರ್ಷದ ಒಬ್ಬ ಅಕ್ಕ ಸೀರೆ ಸೊಂಟಕ್ಕೆ ಸಿಕ್ಕಿಸಿ, ಜಗಲಿ ಮೇಲೆ ಕೂತ ಹಾಗೆ ಬೆಂಚಿನ ಮೇಲೆ ಕೂತರು. ಆಶಾ ಪಾರ್ಟಿನವರು, “ಅಣ್ಣ, ಕುಡಿಯೋದು ಬಿಟ್ಬಿಡಿ, ಹೆಂಡ್ತಿ ಮಕ್ಕಳ ಮುಖ ನೋಡಿ” ಎಂದು ಶುರು ಮಾಡಿದರು. ಈ ಅಕ್ಕ ಕಣ್ಣು ಅರ್ಧ ಮುಚ್ಚಿ, “ನಿನ್ ಗಂಡ ಕುಡಿಯಲ್ವೇನಮ್ಮಿ? ಮೊದಲು ಅವನಿಗೆ ಹೇಳೋಗು” ಎಂದರು. ಹಾಲ್ ಪೂರ್ತಿ ನಗು. ಆಮೇಲೆ ನಗು ನಿಂತು ಯಾರೂ ಮಾತಾಡಲಿಲ್ಲ. ಆಶಾ ಪಾರ್ಟಿನವರ ಗಂಡ ನಿಜವಾಗಿಯೂ ಕುಡಿಯುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಟೀ ಬಿಡುವು ಕೊಟ್ಟೆ. ಅವರ ಪಕ್ಕ ಇಬ್ಬರು ಹೋಗಿ ಕೂತರು, ನಾನು ದೂರ ಇದ್ದೆ. ಅಂದಿನಿಂದ ಪ್ರತಿ ತರಬೇತಿಯ ಮೊದಲ ಅರ್ಧ ಗಂಟೆ ಅಕ್ಕಂದಿರ ಮನೆಯ ಮಾತಿಗೇ ಇಟ್ಟಿದ್ದೇನೆ, ಹೇಳಬೇಕು ಎನಿಸಿದವರಿಗೆ ಮಾತ್ರ. ಮನೆಯಲ್ಲಿ ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು ಎಂದು ಆಗಲೇ ಹೇಳುತ್ತೇನೆ.

ಬಿಡುವಿನ ನಂತರ ಅದೇ ನಾಟಕ ಮತ್ತೆ. ಈ ಸಲ ನನ್ನದು ಒಂದೇ ಷರತ್ತು: ‘ಬಿಡಿ’ ಎಂಬ ಮಾತು ಬಾಯಿಗೆ ಬರಬಾರದು, ಬರೀ ಕೇಳಬೇಕು. “ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ ಮಾವ?” “ಮೊದಲನೇದು ಎಷ್ಟೊತ್ತಿಗೆ?” “ಒಂದು ದಿನ ಕುಡಿದೇ ಇದ್ರೆ ಏನಾಗುತ್ತೆ?” “ಹಿಂದೆ ಯಾವಾಗಾದ್ರೂ ಫಿಟ್ಸ್ ಬಂದಿತ್ತಾ?” ಬೈಯುವ ಮಾತಿಗೆ ಬಾಗಿಲು ಹಾಕಿಕೊಳ್ಳುವ ಗಂಡಸರು ಕೈ ನಡುಕದ ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಾರೆ. ಅದು ಅವರಿಗೂ ಹೆದರಿಕೆಯ ವಿಷಯವೇ. ಎದ್ದ ಕೂಡಲೇ ಬೇಕು, ಇಲ್ಲದಿದ್ದರೆ ನಡುಕ ಎನ್ನುವವರಿಗೆ ಉತ್ತರ ಒಂದೇ: “ಇವತ್ತೇ ನಿಲ್ಲಿಸ್ಬೇಡಿ, ಮೊದಲು ಡಾಕ್ಟರ್ ಹತ್ರ ಹೋಗೋಣ.” ಕುಡಿಯುವವರಿಗೆ ನಿಲ್ಲಿಸಬೇಡಿ ಎನ್ನುವುದು ಅಕ್ಕಂದಿರಿಗೆ ನುಂಗಲಾರದ ಮಾತು. ಮಾಲೆಯ ಕತೆ ಹೇಳಿದ ಮೇಲೇ ಒಪ್ಪಿದ್ದು.

ಅಷ್ಟು ದೂರ ಹೋಗದವರಿಗೆ, ಅಂದರೆ ಹಾನಿಯಾಗುವಷ್ಟು ಕುಡಿದರೂ ಇನ್ನೂ ಅದಕ್ಕೆ ಕಟ್ಟುಬೀಳದವರಿಗೆ, ಮಾತೇ ಕೆಲಸ ಮಾಡುತ್ತದೆ. ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಮನೋವೈದ್ಯದ ಓದಿಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥವರ ಜೊತೆ ನಾಲ್ಕು ಸಲದವರೆಗೆ ಕೂತು ಮಾತಾಡಿಸಿದರು. ಮೂರು ತಿಂಗಳ ನಂತರ ನೋಡಿದಾಗ, ಮಾಮೂಲಿ ಚಿಕಿತ್ಸೆಯಲ್ಲಿದ್ದವರಿಗಿಂತ ಇವರಲ್ಲಿ ಹೆಚ್ಚು ಜನ ಸುಧಾರಿಸಿದ್ದರು. ‘ನಮ್ಮಂಥವರಿಂದ ಏನಾಗುತ್ತೆ ಸಾರ್’ ಎಂದು ಯಾರಾದರೂ ಅಂದರೆ ನಾನು ಇದನ್ನು ಹೇಳುತ್ತೇನೆ.

ಇನ್ನು ಸಣ್ಣಪುಟ್ಟವು. ಗೊತ್ತಿಲ್ಲದ ಹಾಗೆ ಸಾರಿಗೆ ಬೆರೆಸಿ ಕುಡಿತ ಬಿಡಿಸುವ ಪುಡಿ ಬೇಡವೇ ಬೇಡ. ಡಾಕ್ಟರ್ ಬರೆಯುವ ಡೈಸಲ್ಫಿರಾಮ್ ಮಾತ್ರೆಯೂ ಅಷ್ಟೇ, ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಜೀವಕ್ಕೆ ಅಪಾಯ. ತಿನ್ನುವವರಿಗೆ ಗೊತ್ತಿರಲೇಬೇಕು. ಸುಸ್ತು ಎಂದು ಗ್ಲೂಕೋಸ್ ಹಾಕಿಸಲು ಹೋದರೆ, “ಇವ್ರು ದಿನಾ ಕುಡೀತಾರೆ ಸಾರ್” ಎಂದು ಡಾಕ್ಟರಿಗೆ ಮೊದಲೇ ಹೇಳಿ. ಅಂಥವರಿಗೆ ಮೊದಲು ವಿಟಮಿನ್ ಬಿ1 ಇಂಜೆಕ್ಷನ್ ಬೇಕಾಗುತ್ತದೆ. ಸಂಜೆ ಮೇಲೆ, ಅವರು ಕುಡಿದಿರುವಾಗ ಮಾತಿಗೆ ಹೋಗಬೇಡಿ. ಟೀ ಅಂಗಡಿ ಮುಂದೆ ಕೇಳಬೇಡಿ. ಹುಡುಗರ ಅಂಗಿಯಲ್ಲಿ, ಮತ್ತಿಗಾಗಿ ಮೂಸುವ ಪಂಕ್ಚರ್ ಸೊಲ್ಯೂಷನ್ ವಾಸನೆ ಬಂದರೆ ಹೊಡೆಯುವ ಮೊದಲು ಕೂರಿಸಿ ಕೇಳಿ. ಗಾಂಜಾ ವಿಷಯಕ್ಕೆ ಇನ್ನೊಂದು ದಿನವೇ ಬೇಕು. ಎರಡು ನಂಬರ್ ಮಾತ್ರ ಅಂಗೈ ಮೇಲೆ ಪೆನ್ನಿನಲ್ಲಿ ಬರೆಸುತ್ತೇನೆ: ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416.

ಮತ್ತೆ ಶುರು ಮಾಡಿಕೊಂಡವರ ವಿಷಯದಲ್ಲಿ ನನಗೂ ಅಕ್ಕಂದಿರಿಗೂ ಇನ್ನೂ ಜಗಳ. “ಅಷ್ಟು ಓಡಾಡಿ ಬಿಡಿಸಿದ್ವಿ, ಹಬ್ಬಕ್ಕೆ ಮತ್ತೆ ಕುಡ್ದ. ಹಾಳಾಗಿ ಹೋಗ್ಲಿ ಬಿಡಿ ಸಾರ್.” ಶುಗರ್ ಮತ್ತೆ ಏರಿದರೆ ಹೀಗೆ ಅಂತೀರಾ ಎಂದು ಕೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಅವರ ಸಿಟ್ಟೂ ಸುಮ್ನೆ ಬಂದದ್ದಲ್ಲ.

ಮಾಲೆಯ ವಿಷಯ ಮಾತ್ರ ತಲೆಯಿಂದ ಹೋಗಲಿಲ್ಲ. ಮುಂದಿನ ವರ್ಷ ಅಕ್ಟೋಬರಿನಲ್ಲೇ ಆ ಊರಿನಲ್ಲಿ ಮಾಲೆ ಹಾಕಿಸುವ ಗುರುಸ್ವಾಮಿಯನ್ನು ನೋಡಲು ಹೋದೆ. ವ್ರತ ಬೇಡ ಎನ್ನಲಿಲ್ಲ. ಎಷ್ಟೋ ಜನ ವರ್ಷದಲ್ಲಿ ಕುಡಿಯದೇ ಇರುವುದು ಆ 41 ದಿನ ಮಾತ್ರ, ಅದನ್ನು ಯಾಕೆ ಕೆಡಿಸಲಿ? “ಮಾಲೆ ಹಾಕೋಕೆ ಹತ್ತು ದಿನ ಮುಂಚೆ ನಮ್ಮ ಹತ್ರ ಕಳಿಸಿ ಸ್ವಾಮಿ, ಮಾತ್ರೆ ಕೊಟ್ಟು ಹಗುರವಾಗಿ ಇಳಿಸ್ತಾರೆ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೂ ಹಂಗೇ ಆಗಿತ್ತು, ಮೊದಲ ಸಲ” ಎಂದರು.

ನವೆಂಬರ್ ಮೊದಲ ವಾರ ಅದೇ ಆಶಾ ಅಕ್ಕನ ಫೋನ್. “ಸಾರ್, ಈ ಸಲ ನಮ್ಮೂರಲ್ಲಿ ಒಂಬತ್ತು ಜನ ಮಾಲೆ ಹಾಕ್ತಾರೆ. ಇಬ್ರಿಗೆ ಬೆಳಿಗ್ಗೆ ಕೈ ನಡುಗುತ್ತೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸಿನ ಡಾಕ್ಟರ್ ಬರ್ತಾರಲ್ಲ, ಕರ್ಕೊಂಡು ಬರ್ಲಾ?” ಬನ್ನಿ ಎಂದೆ.

ಒಬ್ಬರು ಬಂದರು. ಇನ್ನೊಬ್ಬರು ಬಸ್ ಸ್ಟ್ಯಾಂಡಿನವರೆಗೂ ಬಂದು, ಎಲೆ ಅಡಿಕೆ ತರ್ತೀನಿ ಎಂದು ಹೋದವರು ಸಂಜೆವರೆಗೂ ಸಿಗಲಿಲ್ಲ. ಮುಂದಿನ ಮಂಗಳವಾರ ಅಕ್ಕ ಮತ್ತೆ ಅವರ ಮನೆಗೆ ಹೋದರು.